‘ಸರ್ವರ್ ಡೌನ್’ ಎನ್ನುವ ಮೊದಲು



ಇವತ್ತು ನಾನು ಹೇಳಹೊರಟ ವಿಷಯ ಸ್ವಲ್ಪ ಒಣಗಿದ್ದು ಎಂದು ಮೊದಲಿಗೆ ಅನ್ನಿಸಬಹುದು. ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡು, ಅದರ ಡ್ರೈವರು, ಆ ಡ್ರೈವರಿನ ಸೆಟ್ಟಿಂಗು, ಇವುಗಳ ವಿಷಯ. ‘ನಮಗೇಕೆ ಮಾರಾಯ್ರೆ ಇದೆಲ್ಲ?’ ಎಂದು ರೇಡಿಯೋ ಆರಿಸಬೇಡಿ. ಪಿಂಚಣಿಗೋ ರೇಷನ್ ಕಾರ್ಡಿಗೋ ಜಾಗದ ತೆರಿಗೆ ಕಟ್ಟುವುದಕ್ಕೋ ನೀವು ಬಸ್ಸು ಹಿಡಿದು ಹೋಗಿರುತ್ತೀರಿ. ಅರ್ಧ ದಿನ ಬೆಂಚಿನ ಮೇಲೆ ಕೂತ ಮೇಲೆ ‘ಸರ್ವರ್ ಡೌನ್, ನಾಳೆ ಬನ್ನಿ’ ಎಂಬ ಮಾತು ಕೇಳಿರುತ್ತೀರಿ. ‘ನಾಳೆ’ ಎಂಬುದು ಕನ್ನಡದಲ್ಲೂ ನಾಳೆಯೇ, ಮಲಯಾಳದಲ್ಲೂ ನಾಳೆಯೇ. ನಮ್ಮ ಕಾಸರಗೋಡಿನಲ್ಲಿ ಆ ಮಾತಿಗೆ ಭಾಷಾಂತರವೇ ಬೇಡ.

ಸರ್ವರು ನಿಜವಾಗಿಯೂ ಕೆಡುವುದುಂಟು. ಆದರೆ ಎಷ್ಟೋ ಸಲ ಎಲ್ಲೋ ದೂರದ ಊರಿನ ಸರ್ವರು ಸರಿಯಾಗಿಯೇ ಇರುತ್ತದೆ, ದೋಷ ಇರುವುದು ನಾವು ಕೂತ ಕೋಣೆಯಲ್ಲಿ, ಮೇಜಿನ ಕೆಳಗೆ. ಅದನ್ನು ಹತ್ತು ನಿಮಿಷದಲ್ಲಿ ನೋಡಿ ತಿಳಿಯುವುದು ಹೇಗೆ ಎಂಬುದೇ ಇಂದಿನ ಮಾತು. ನಾನು ಇಂಜಿನಿಯರನಲ್ಲ. ಎಸ್ಸೆಸ್ಸೆಲ್ಸಿ ಓದಿ 1981ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಇದನ್ನು ಕಲಿತದ್ದು ಒಂದು ತಪ್ಪಿನಿಂದ. ಆ ತಪ್ಪನ್ನೂ ಹೇಳುತ್ತೇನೆ.

ಮೊದಲು ಕಾರ್ಡು ಎಂದರೇನು ಎಂದು ನೋಡೋಣ. ಕಂಪ್ಯೂಟರಿನ ಹಿಂಬದಿಯಲ್ಲಿ ಟೆಲಿಫೋನ್ ವಯರು ಸಿಕ್ಕಿಸುವಂಥ, ಆದರೆ ಅದಕ್ಕಿಂತ ಸ್ವಲ್ಪ ಅಗಲವಾದ ಒಂದು ತೂತು ಇರುತ್ತದೆ. ಅದರ ಹಿಂದಿರುವ ವಿದ್ಯುತ್ ಫಲಕವೇ ನೆಟ್‌ವರ್ಕ್ ಕಾರ್ಡು. ಹಿಂದೆ ಅದು ಬೇರೆಯಾಗಿ ಬರುತ್ತಿತ್ತು, ಈಗ ಹೆಚ್ಚಾಗಿ ಮುಖ್ಯ ಫಲಕದಲ್ಲೇ ಸೇರಿಕೊಂಡಿರುತ್ತದೆ. ಲ್ಯಾಪ್‌ಟಾಪಿನಲ್ಲಿ ವಯರಿಲ್ಲದೆ ಕೆಲಸ ಮಾಡುವ ವೈಫೈ ಕಾರ್ಡೂ ಇರುತ್ತದೆ. ಹೊರಗಿನಿಂದ ಬರುವ ಮಾತು ಒಳಗೆ ಹೋಗುವುದೂ ಒಳಗಿನದು ಹೊರಗೆ ಬರುವುದೂ ಈ ಬಾಗಿಲಿನಿಂದಲೇ.

ಇನ್ನು ಡ್ರೈವರು. ಕಾರ್ಡು ತಯಾರಿಸುವ ಕಂಪೆನಿಗಳು ಹಲವು. ಒಂದೊಂದು ಕಾರ್ಡಿನ ರೀತಿ ಒಂದೊಂದು. ಕಂಪ್ಯೂಟರನ್ನು ನಡೆಸುವ ವಿಂಡೋಸಿಗೆ ಅವೆಲ್ಲ ಗೊತ್ತಿರುವುದಿಲ್ಲ. ಹಾಗಾಗಿ ನಡುವೆ ಒಬ್ಬ ದುಭಾಷಿ ಬೇಕು. ವಿಂಡೋಸ್ ಹೇಳಿದ್ದನ್ನು ಕಾರ್ಡಿಗೂ ಕಾರ್ಡು ಹೇಳಿದ್ದನ್ನು ವಿಂಡೋಸಿಗೂ ತಿಳಿಸುವ ಆ ಪುಟ್ಟ ತಂತ್ರಾಂಶವೇ ಡ್ರೈವರು. ಕಾರ್ಡು ಹೇಗೆ ನಡೆದುಕೊಳ್ಳಬೇಕು ಎಂದು ಅದಕ್ಕೆ ಕೊಟ್ಟ ಅಪ್ಪಣೆಗಳೇ ಸೆಟ್ಟಿಂಗುಗಳು.

ಈಗಿನ ಮಕ್ಕಳಿಗೆ ಇದು ಪರದೆಯ ಮೇಲೆ ಒತ್ತುವ ಕೆಲಸ. ನಮ್ಮ ಶಾಖೆಗೆ ಮೊದಲು ಕಂಪ್ಯೂಟರು ಬಂದಾಗ ಕಾರ್ಡನ್ನು ಹೊರತೆಗೆದು, ಜಂಪರ್ ಎಂಬ ಸಾಸಿವೆಗಿಂತ ಸ್ವಲ್ಪ ದೊಡ್ಡ ಟೊಪ್ಪಿಯನ್ನು ಚಿಮಟದಿಂದ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಹಾಕಬೇಕಾಗಿತ್ತು. ಆಗ ಎನ್‌ಇ 2000 ಎಂಬ ಮಾದರಿಯ ಕಾರ್ಡುಗಳು ಎಲ್ಲೆಲ್ಲೂ ಇದ್ದವು. ಕಂಪ್ಯೂಟರಿನ ಗಮನ ಸೆಳೆಯಲು ಪ್ರತಿಯೊಂದು ಯಂತ್ರಭಾಗಕ್ಕೂ ಒಂದು ಗಂಟೆಯ ನಂಬ್ರ ಇರುತ್ತದೆ. ಆ ಕಾರ್ಡಿನ ಗಂಟೆ ಕಾರ್ಖಾನೆಯಿಂದ ಬರುವಾಗ ಮೂರನೆಯದಕ್ಕೆ ಇರುತ್ತಿತ್ತು, ಮೋಡೆಮ್ ಸಿಕ್ಕಿಸುವ ಎರಡನೇ ಸೀರಿಯಲ್ ಪೋರ್ಟಿನ ಗಂಟೆಯೂ ಮೂರನೆಯದೇ. ಎರಡು ಮನೆಗೆ ಒಂದೇ ಕರೆಗಂಟೆ ಇದ್ದ ಹಾಗೆ. ಮೋಡೆಮ್ ಹಚ್ಚಿದರೆ ನೆಟ್‌ವರ್ಕು ಸಾಯುತ್ತಿತ್ತು. ಆ ಜಗಳ ಈಗ ಇಲ್ಲ. ಕಂಪ್ಯೂಟರೇ ನಂಬ್ರ ಹಂಚಿಕೊಡುತ್ತದೆ. ಆದರೆ ಬೇರೆ ಜಗಳಗಳು ಉಳಿದಿವೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. 2003ರ ಮಾತು. ಕಾಸರಗೋಡು ತಾಲೂಕಿನ ಒಳಭಾಗದ ಒಂದು ಶಾಖೆಯಲ್ಲಿದ್ದೆ. ಶಾಖೆಯೊಳಗೇ ಒಂದು ಸರ್ವರು, ಕೌಂಟರುಗಳಲ್ಲಿ ಐದು ಕಂಪ್ಯೂಟರು, ಎಲ್ಲವನ್ನೂ ಸೇರಿಸುವ ಒಂದು ಸ್ವಿಚ್ಚಿನ ಪೆಟ್ಟಿಗೆ. ಗ್ರಾಹಕರ ಫೋಟೋ, ಸಹಿ, ಹೆಬ್ಬೆಟ್ಟಿನ ಗುರುತು ಎಲ್ಲವನ್ನೂ ಸರ್ವರಿಗೆ ಏರಿಸಿ, ಹಳೆಯ ಸಹಿ ಕಾರ್ಡುಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದ್ದೆವು. ಒಂದು ದಿನ ರಿಪೇರಿಗೆಂದು ಬಂದ ಹುಡುಗ ಸರ್ವರಿಗೆ ಹೊಸ ಕಾರ್ಡು ಹಾಕಿ ಹೋದ. ಮಾರನೆಯ ದಿನದಿಂದ ಒಂದು ವಿಚಿತ್ರ ಶುರುವಾಯಿತು. ಖಾತೆಯ ನಂಬ್ರ ಒತ್ತಿದರೆ ಬಾಕಿ ಥಟ್ಟನೆ ಬರುತ್ತದೆ, ಫೋಟೋ ಮಾತ್ರ ಬರುವುದಿಲ್ಲ. ಹಣೆಯವರೆಗೆ ಬಂದು ನಿಲ್ಲುತ್ತದೆ. ಬೆಳಿಗ್ಗೆ ಜನ ಕಡಿಮೆ ಇದ್ದಾಗ ಹೇಗೋ ಬರುತ್ತದೆ, ಹನ್ನೊಂದು ಗಂಟೆಯ ಮೇಲೆ ಇಲ್ಲ.

ಆಗಲೇ ಒಬ್ಬಳು ಅಜ್ಜಿ ಬಂದಳು. ವಿಧವಾ ಪಿಂಚಣಿಯ ಹಣ ತೆಗೆಯಬೇಕು, ಸಹಿ ಬಾರದು, ಹೆಬ್ಬೆಟ್ಟು. ಫೋಟೋ ನೋಡದೆ ಹಣ ಕೊಡುವ ಹಾಗಿಲ್ಲ. ‘ಅಜ್ಜಿ, ಮೆಷಿನು ಸರಿಯಿಲ್ಲ, ನಾಳೆ ಬನ್ನಿ’ ಎಂದೆ. ಮರುದಿನ ಬಂದಳು. ಅದೇ ಮಾತು ಹೇಳಿದೆ. ಮೂರನೆಯ ದಿನವೂ ಹೇಳಿದೆ. ಅಟ್ಟ ಹತ್ತಿ ಹಳೆಯ ಕಾರ್ಡು ಹುಡುಕಿದ್ದರೆ ಅರ್ಧ ಗಂಟೆಯ ಕೆಲಸ. ನಾನು ಹತ್ತಲಿಲ್ಲ. ಮೆಷಿನಿನ ತಪ್ಪಿಗೆ ನಾನೇನು ಮಾಡಲಿ ಎಂದುಕೊಂಡೆ. ನಾಲ್ಕನೆಯ ದಿನ ಪಟ್ಟಣದಿಂದ ಬೇರೊಬ್ಬ ಇಂಜಿನಿಯರು ಬಂದರು. ಸ್ವಿಚ್ಚಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ದೀಪಗಳನ್ನು ನೋಡಿದರು. ಸರ್ವರಿನಲ್ಲಿ ಒಂದು ಪುಟ ತೆರೆದು ಒಂದೇ ಒಂದು ಸಾಲು ಬದಲಿಸಿದರು. ಎರಡು ನಿಮಿಷ. ಫೋಟೋ ಬಂತು. ಅಜ್ಜಿ ಹಣ ಎಣಿಸಿ ಸೆರಗಿಗೆ ಕಟ್ಟಿಕೊಂಡು, ‘ಇವತ್ತು ಮೆಷಿನಿನ ಜ್ವರ ಬಿಟ್ಟಿತಾ ಮಗಾ?’ ಎಂದು ಕೇಳಿದಳು. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಆ ಇಂಜಿನಿಯರು ಬದಲಿಸಿದ ಸಾಲು ಯಾವುದು? ಅದರ ಹೆಸರು ‘ಸ್ಪೀಡ್ ಆಂಡ್ ಡ್ಯೂಪ್ಲೆಕ್ಸ್’. ಅಂದರೆ ವೇಗ ಮತ್ತು ಮಾತಿನ ರೀತಿ. ಇದನ್ನು ಸ್ವಲ್ಪ ಸಾವಧಾನವಾಗಿ ಕೇಳಿ. ಉಳಿದದ್ದೆಲ್ಲ ಇದರಿಂದಲೇ ಅರ್ಥವಾಗುತ್ತದೆ.

ಕಂಪ್ಯೂಟರುಗಳನ್ನು ಜೋಡಿಸುವ ಈ ಪದ್ಧತಿಗೆ ಈಥರ್‌ನೆಟ್ ಎಂದು ಹೆಸರು. 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಇದನ್ನು ರೂಪಿಸಿದರು, ಜೊತೆಗಿದ್ದವರು ಡೇವಿಡ್ ಬಾಗ್ಸ್. ಮೊದಲು ಎಲ್ಲ ಕಂಪ್ಯೂಟರುಗಳೂ ಒಂದೇ ಕೇಬಲಿಗೆ ತೂಗಿಕೊಂಡಿರುತ್ತಿದ್ದವು. ಒಬ್ಬ ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಡಿಕ್ಕಿ. ಇಬ್ಬರೂ ನಿಲ್ಲಿಸಿ, ಸ್ವಲ್ಪ ಕಾದು, ಮತ್ತೆ ಹೇಳಬೇಕು. ಪೊಲೀಸರ ವಾಕಿಟಾಕಿಯ ಹಾಗೆ. ಇದಕ್ಕೆ ಹಾಫ್ ಡ್ಯೂಪ್ಲೆಕ್ಸ್ ಎನ್ನುತ್ತಾರೆ. ಆಮೇಲೆ ಪ್ರತಿ ಕಂಪ್ಯೂಟರಿಗೂ ಸ್ವಿಚ್ಚಿನಿಂದ ಪ್ರತ್ಯೇಕ ವಯರು ಬಂತು. ಹೋಗುವುದಕ್ಕೆ ಒಂದು ಜೊತೆ ಎಳೆ, ಬರುವುದಕ್ಕೆ ಒಂದು ಜೊತೆ ಎಳೆ. ಟೆಲಿಫೋನಿನ ಹಾಗೆ ಇಬ್ಬರೂ ಒಟ್ಟಿಗೆ ಮಾತಾಡಬಹುದು. ಇದು ಫುಲ್ ಡ್ಯೂಪ್ಲೆಕ್ಸ್.

ಹಾಗಾದರೆ ಎರಡು ತುದಿಯವರು ಯಾವ ರೀತಿಯಲ್ಲಿ ಮಾತಾಡಬೇಕು ಎಂದು ನಿರ್ಧರಿಸುವುದು ಹೇಗೆ? ಇದು ನಮ್ಮಂಥ ಗಡಿಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಬಸ್ ಸ್ಟೇಂಡಿನಲ್ಲಿ ಗುರುತಿಲ್ಲದ ಒಬ್ಬರು ಪಕ್ಕದಲ್ಲಿ ಕೂತರೆ, ಎರಡು ಮಾತಿನಲ್ಲೇ ಅವರಿಗೆ ಕನ್ನಡ ಬರುತ್ತದೋ ಮಲಯಾಳವೋ ತುಳುವೋ ಎಂದು ನೋಡಿಕೊಂಡು, ಇಬ್ಬರಿಗೂ ಚೆನ್ನಾಗಿ ಬರುವ ಭಾಷೆಗೆ ಹೊರಳುತ್ತೇವೆ. ಸೋಲಾಪುರದವರು ಕನ್ನಡ ಮರಾಠಿಯಲ್ಲಿ, ರಾಯದುರ್ಗದವರು ಕನ್ನಡ ತೆಲುಗಿನಲ್ಲಿ ಇದನ್ನೇ ಮಾಡುತ್ತಾರೆ. ಕಾರ್ಡುಗಳೂ ಹಾಗೆಯೇ. ವಯರು ಸಿಕ್ಕಿಸಿದ ಕೂಡಲೇ ಎರಡು ತುದಿಗಳೂ ‘ನನಗೆ ಇಷ್ಟಿಷ್ಟು ಬರುತ್ತದೆ’ ಎಂದು ಸಣ್ಣ ಮಿಡಿತಗಳಲ್ಲಿ ಸಾರುತ್ತವೆ. ಇಬ್ಬರಿಗೂ ಬರುವುದರಲ್ಲಿ ಉತ್ತಮವಾದದ್ದನ್ನು ಆರಿಸಿಕೊಳ್ಳುತ್ತವೆ. ಇದರ ಹೆಸರು ಆಟೋ ನೆಗೋಷಿಯೇಷನ್. 1995ರಲ್ಲಿ 100 ಮೆಗಾಬಿಟ್ ಈಥರ್‌ನೆಟ್ಟಿನ ನಿಯಮ ಬಂದಾಗ ಇದೂ ಅದರೊಳಗೆ ಬಂತು.

ನಮ್ಮ ಶಾಖೆಯಲ್ಲಿ ಆದದ್ದು ಇಷ್ಟು. ಕಾರ್ಡು ಹಾಕಿದ ಹುಡುಗ ವೇಗ ಹೆಚ್ಚಲಿ ಎಂದು ಸರ್ವರಿನ ಕಡೆ ‘100 ಮೆಗಾಬಿಟ್, ಫುಲ್ ಡ್ಯೂಪ್ಲೆಕ್ಸ್’ ಎಂದು ಗಟ್ಟಿ ಮಾಡಿಬಿಟ್ಟಿದ್ದ. ಹಾಗೆ ಗಟ್ಟಿ ಮಾಡಿದ ಮೇಲೆ ಆ ಕಾರ್ಡು ತನ್ನ ಗುಣಗಳನ್ನು ಸಾರುವುದನ್ನು ನಿಲ್ಲಿಸಿತು. ಸ್ವಿಚ್ಚು ಮಾತ್ರ ಆಟೋದಲ್ಲಿತ್ತು. ಅದು ಕೇಳಿತು, ಉತ್ತರವಿಲ್ಲ. ಬರುವ ಮಿಡಿತ ನೋಡಿ ವೇಗ 100 ಎಂದು ತಿಳಿಯಿತು. ಆದರೆ ಮಾತಿನ ರೀತಿ ಮಿಡಿತದಿಂದ ತಿಳಿಯುವುದಿಲ್ಲ. ಹಾಗೆ ತಿಳಿಯದಿದ್ದಾಗ ಹಳೆಯ ಕಾಲದ ಹಾಫ್ ಎಂದೇ ಹಿಡಿಯಬೇಕು ಎಂಬುದು ನಿಯಮ. ಅಲ್ಲಿಗೆ ಸರ್ವರು ಟೆಲಿಫೋನಿನಲ್ಲಿ, ಸ್ವಿಚ್ಚು ವಾಕಿಟಾಕಿಯಲ್ಲಿ. ಸರ್ವರು ಯಾವಾಗ ಬೇಕಾದರೂ ಮಾತಾಡುತ್ತದೆ. ಸ್ವಿಚ್ಚು ತಾನು ಮಾತಾಡುವಾಗ ಎದುರಿನಿಂದ ಏನಾದರೂ ಬಂದರೆ ‘ಡಿಕ್ಕಿಯಾಯಿತು’ ಎಂದು ಹೇಳುತ್ತಿದ್ದುದನ್ನು ಅರ್ಧಕ್ಕೆ ನಿಲ್ಲಿಸುತ್ತದೆ.

ಬಾಕಿ ಬಂದು ಫೋಟೋ ಬಾರದಿದ್ದುದೇಕೆ ಎಂಬುದಕ್ಕೂ ಇದರಲ್ಲೇ ಉತ್ತರ ಇದೆ. ಈಥರ್‌ನೆಟ್ಟಿನಲ್ಲಿ ಒಂದು ಸಲಕ್ಕೆ ಸಾಗುವುದು ಹೆಚ್ಚೆಂದರೆ 1500 ಬೈಟಿನ ಒಂದು ಕಟ್ಟು. ಅದಕ್ಕೆ ಪ್ಯಾಕೆಟ್ ಎನ್ನುತ್ತಾರೆ. ಖಾತೆಯ ಬಾಕಿ ಒಂದೇ ಪ್ಯಾಕೆಟ್ಟಿನಲ್ಲಿ ಹಿಡಿಯುತ್ತದೆ. ಒಂದು ಕೇಳಿಕೆ, ಒಂದು ಉತ್ತರ, ಡಿಕ್ಕಿಗೆ ಅವಕಾಶವೇ ಕಡಿಮೆ. 30 ಸಾವಿರ ಬೈಟಿನ ಫೋಟೋಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಪ್ಯಾಕೆಟ್ ಬೇಕು. ಅವು ಸಾಲಾಗಿ ಬರುತ್ತಿರುವಾಗಲೇ ‘ತಲುಪಿತು, ತಲುಪಿತು’ ಎಂಬ ರಶೀದಿಗಳು ಎದುರು ದಿಕ್ಕಿನಲ್ಲಿ ಹೋಗುತ್ತಿರುತ್ತವೆ. ಆಗ ಡಿಕ್ಕಿಯ ಮೇಲೆ ಡಿಕ್ಕಿ. ಕಳೆದುಹೋದದ್ದನ್ನು ಕಂಪ್ಯೂಟರು ಕಾದು ಕಾದು ಮತ್ತೆ ಕಳಿಸುತ್ತದೆ. ಐದೂ ಕೌಂಟರಿನಿಂದ ಕೇಳಿಕೆ ಬರುವ ಹನ್ನೊಂದು ಗಂಟೆಯ ಹೊತ್ತಿಗೆ ಎಲ್ಲವೂ ನಿಂತೇಹೋಗುತ್ತದೆ.

ಇದರಿಂದ ಒಂದು ಗುರುತು ನೆನಪಿಟ್ಟುಕೊಳ್ಳಿ. ಸಣ್ಣದು ಹೋಗುತ್ತದೆ, ದೊಡ್ಡದು ಸಿಕ್ಕಿಹಾಕಿಕೊಳ್ಳುತ್ತದೆ ಎಂದಾದರೆ ದೋಷ ಎರಡು ತುದಿಗಳ ಹೊಂದಾಣಿಕೆಯಲ್ಲಿ ಇರಬಹುದು. ನಿಯಮವೂ ಒಂದೇ. ಎರಡೂ ತುದಿ ಆಟೋದಲ್ಲಿರಬೇಕು, ಇಲ್ಲವಾದರೆ ಎರಡೂ ತುದಿಯನ್ನು ಒಂದೇ ರೀತಿ ಗಟ್ಟಿ ಮಾಡಬೇಕು. ಒಂದು ಆಟೋ, ಒಂದು ಗಟ್ಟಿ, ಇದು ಮಾತ್ರ ಕೂಡದು. 1000 ಮೆಗಾಬಿಟ್ ಅಂದರೆ ಗಿಗಾಬಿಟ್ಟಿನ ತಾಮ್ರದ ವಯರಿನಲ್ಲಿ ಆಟೋ ನೆಗೋಷಿಯೇಷನ್ ಕಡ್ಡಾಯ. ಹಾಗಾಗಿ ಹೊಸ ಯಂತ್ರಗಳಲ್ಲಿ ಈ ತೊಂದರೆ ಕಡಿಮೆ. ಆದರೆ ನಮ್ಮ ಕಡೆಯ ಸೊಸೈಟಿಗಳಲ್ಲಿ, ಸೇವಾ ಕೇಂದ್ರಗಳಲ್ಲಿ ಹೊಸ ಕಂಪ್ಯೂಟರಿಗೆ ಹಳೆಯ ಸ್ವಿಚ್ಚು ಜೋಡಿಸಿರುವುದು ಈಗಲೂ ಉಂಟು.

ಈ ಪುಟವನ್ನು ನೋಡುವುದು ಹೇಗೆ? ವಿಂಡೋಸ್ 10 ಅಥವಾ 11 ಇದ್ದರೆ ಕೆಳಗಿನ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಬದಿ ಒತ್ತಿ. ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ‘ನೆಟ್‌ವರ್ಕ್ ಅಡಾಪ್ಟರ್ಸ್’ ಎಂಬ ಸಾಲಿನ ಕೆಳಗೆ ನಿಮ್ಮ ಕಾರ್ಡಿನ ಹೆಸರಿರುತ್ತದೆ. ಅದರ ಮೇಲೆ ಬಲಬದಿ ಒತ್ತಿ ‘ಪ್ರಾಪರ್ಟೀಸ್’ಗೆ ಹೋಗಿ. ಮೇಲೆ ‘ಅಡ್ವಾನ್ಸ್ಡ್’ ಎಂಬ ಪುಟವಿದೆ. ಎಡಗಡೆ ಸೆಟ್ಟಿಂಗಿನ ಹೆಸರು, ಬಲಗಡೆ ಅದರ ಬೆಲೆ. ಸ್ಪೀಡ್ ಆಂಡ್ ಡ್ಯೂಪ್ಲೆಕ್ಸ್ ಎಂಬಲ್ಲಿ ‘ಆಟೋ ನೆಗೋಷಿಯೇಷನ್’ ಎಂದಿದ್ದರೆ ಸರಿ. ಕೆಲವು ಕಾರ್ಡುಗಳಲ್ಲಿ ಹೆಸರು ತುಸು ಬೇರೆಯಾಗಿರಬಹುದು, ಅರ್ಥ ಒಂದೇ.

ಕೊನೆಗೆ ಎಷ್ಟು ವೇಗಕ್ಕೆ ಒಪ್ಪಂದವಾಗಿದೆ ಎಂಬುದನ್ನು ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ, ನೆಟ್‌ವರ್ಕ್ ವಿಭಾಗದ ಈಥರ್‌ನೆಟ್ ಪುಟದಲ್ಲಿ ನೋಡಬಹುದು. 1000 ಇರಬೇಕಾದಲ್ಲಿ 100 ಎಂದು ಕಂಡರೆ ಡ್ರೈವರನ್ನು ಬೈಯಬೇಡಿ, ವಯರನ್ನು ನೋಡಿ. 100 ಮೆಗಾಬಿಟ್ಟಿಗೆ ವಯರಿನೊಳಗಿನ ಎಂಟು ಎಳೆಗಳಲ್ಲಿ ನಾಲ್ಕು ಸಾಕು, ಗಿಗಾಬಿಟ್ಟಿಗೆ ಎಂಟೂ ಬೇಕು. ಇಲಿ ಕಡಿದೋ ಕುರ್ಚಿಯ ಕಾಲು ಬಿದ್ದೋ ಒಂದು ಎಳೆ ತುಂಡಾದರೆ ಕಾರ್ಡು ಕೆಳಗಿನ ವೇಗಕ್ಕೆ ಇಳಿದು ಹೇಗೋ ಕೆಲಸ ನಡೆಸುತ್ತದೆ. ಅಂಥಲ್ಲಿ ಬಲವಂತವಾಗಿ 1000 ಎಂದು ಬರೆದರೆ ಇರುವುದೂ ಹೋದೀತು.

ಎರಡನೆಯದು ವಿದ್ಯುತ್ ಉಳಿತಾಯದ ಸೆಟ್ಟಿಂಗು. ಅದೇ ಪ್ರಾಪರ್ಟೀಸಿನಲ್ಲಿ ‘ಪವರ್ ಮ್ಯಾನೇಜ್‌ಮೆಂಟ್’ ಎಂಬ ಪುಟ ಇರುತ್ತದೆ. ಕರೆಂಟು ಉಳಿಸಲು ಈ ಕಾರ್ಡನ್ನು ಆರಿಸಬಹುದು ಎಂದು ಕಂಪ್ಯೂಟರಿಗೆ ಅನುಮತಿ ಕೊಡುವ ಒಂದು ಗುರುತು ಅಲ್ಲಿದೆ. ಬ್ಯಾಟರಿಯ ಲ್ಯಾಪ್‌ಟಾಪಿಗೆ ಅದು ಒಳ್ಳೆಯದು. ಆದರೆ ಮಧ್ಯಾಹ್ನ ಊಟ ಮಾಡಿ ಬಂದ ಮೇಲೆ ಮೊದಲನೆಯ ಗ್ರಾಹಕರ ಕೆಲಸವೇ ಯಾವಾಗಲೂ ಕೆಡುತ್ತದೆ, ಆಮೇಲೆ ಸರಿಯಾಗುತ್ತದೆ ಎಂದಾದರೆ, ಕಾರ್ಡು ನಿದ್ದೆಯಿಂದ ಸರಿಯಾಗಿ ಏಳುತ್ತಿಲ್ಲ ಎಂದು ಸಂಶಯಪಡಬಹುದು. ಕೌಂಟರಿನ ಕಂಪ್ಯೂಟರಿನಲ್ಲಿ ಆ ಗುರುತು ತೆಗೆದು ಎರಡು ದಿನ ನೋಡಿ. ಅಡ್ವಾನ್ಸ್ಡ್ ಪುಟದಲ್ಲಿ ‘ಎನರ್ಜಿ ಎಫಿಶಿಯೆಂಟ್ ಈಥರ್‌ನೆಟ್’ ಎಂಬ ಇನ್ನೊಂದು ಉಳಿತಾಯ ಉಂಟು. 2010ರಲ್ಲಿ ಅದರ ನಿಯಮ ಬಂದದ್ದು. ಹಳೆಯ ಸ್ವಿಚ್ಚಿನೊಂದಿಗೆ ವಯರು ಮತ್ತೆ ಮತ್ತೆ ಕಡಿದ ಹಾಗೆ ಆಗುತ್ತಿದ್ದರೆ ಅದನ್ನೂ ಒಮ್ಮೆ ಆರಿಸಿ ನೋಡಬಹುದು.

ಉಳಿದ ಕೆಲವು ಹೆಸರುಗಳನ್ನು ಕಂಡು ಗಾಬರಿಯಾಗಬೇಡಿ. ‘ಇಂಟರಪ್ಟ್ ಮೋಡರೇಷನ್’ ಎಂದರೆ ಗಂಟೆ ಬಾರಿಸುವುದರ ಮಿತಿ. ಗಿಗಾಬಿಟ್ ವೇಗದಲ್ಲಿ ಪೂರ್ಣ ಗಾತ್ರದ ಪ್ಯಾಕೆಟ್ಟುಗಳು ಸೆಕೆಂಡಿಗೆ 81 ಸಾವಿರದಷ್ಟು ಬರಬಲ್ಲವು. ಒಂದೊಂದಕ್ಕೂ ಗಂಟೆ ಬಾರಿಸಿದರೆ ಕಂಪ್ಯೂಟರಿಗೆ ಬೇರೆ ಕೆಲಸಕ್ಕೆ ಬಿಡುವೇ ಇಲ್ಲ. ಹತ್ತಾರು ವೋಚರು ಸೇರಿದ ಮೇಲೆ ಅಟೆಂಡರು ಒಟ್ಟಿಗೆ ತಂದುಕೊಟ್ಟ ಹಾಗೆ ಕಾರ್ಡು ಒಟ್ಟುಮಾಡಿ ಕೊಡುತ್ತದೆ. ‘ರಿಸೀವ್ ಬಫರ್’ ಎಂದರೆ ಬಂದ ವೋಚರು ಇಡುವ ಟ್ರೇ. ಟ್ರೇ ತುಂಬಿದರೆ ಮೇಲೆ ಬಂದದ್ದು ನೆಲಕ್ಕೆ. ತುಂಬ ಕೆಲಸದ ಸರ್ವರಿಗೆ ಇದನ್ನು ಹೆಚ್ಚಿಸುವುದುಂಟು, ಒಂದು ಕೌಂಟರಿಗೆ ಇದ್ದದ್ದೇ ಸಾಕು. ‘ಚೆಕ್‌ಸಮ್ ಆಫ್‌ಲೋಡ್’ ಎಂದರೆ ಲೆಕ್ಕ ತಾಳೆ ನೋಡುವ ಕೆಲಸವನ್ನು ಕಾರ್ಡಿಗೆ ವಹಿಸುವುದು, ಹಾಗೇ ಬಿಡಿ. ‘ಜಂಬೋ’ ಎಂಬುದರಿಂದ ಮಾತ್ರ ದೂರ ಇರಿ. ಅದು 1500ರ ಬದಲು 9000 ಬೈಟಿನ ದೊಡ್ಡ ಕಟ್ಟು ಕಳಿಸುವ ಅಪ್ಪಣೆ. ದಾರಿಯಲ್ಲಿರುವ ಎಲ್ಲ ಯಂತ್ರಗಳೂ ಒಪ್ಪದಿದ್ದರೆ ಮತ್ತೆ ಅದೇ ಕಥೆ, ಸಣ್ಣದು ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ.

ವೈಫೈ ಇರುವವರಿಗೆ ಒಂದು ಮಾತು. ಅಲ್ಲಿ ‘ಪ್ರಿಫರ್ಡ್ ಬ್ಯಾಂಡ್’ ಎಂಬ ಸೆಟ್ಟಿಂಗು ಇರುತ್ತದೆ. 5 ಗಿಗಾಹರ್ಟ್ಸ್ ಅಲೆ ವೇಗದ್ದು, ಆದರೆ ಗೋಡೆ ದಾಟುವುದರಲ್ಲಿ ಸೋಲುತ್ತದೆ. 2.4 ನಿಧಾನದ್ದು, ಆದರೆ ದೂರ ಹೋಗುತ್ತದೆ. ನಮ್ಮ ಮುರಕಲ್ಲಿನ ದಪ್ಪ ಗೋಡೆಯ ಆಚೆ ಕೋಣೆಯಲ್ಲಿ ಕೂತವರು 2.4ನ್ನು ಆರಿಸಿದರೆ ಸಂಪರ್ಕ ಕಡಿಯುವುದು ಕಡಿಮೆಯಾಗಬಹುದು.

ದೋಷ ಒಳಗಿದೆಯೋ ಹೊರಗಿದೆಯೋ ತಿಳಿಯುವ ಪರೀಕ್ಷೆ ಹೀಗೆ. ರೂಟರಿನ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಅದರ ವಿಳಾಸ ಇರುತ್ತದೆ, ಹೆಚ್ಚಾಗಿ 192.168.1.1ರಂಥದ್ದು. ಕಂಪ್ಯೂಟರಿನ ‘ಕಮಾಂಡ್ ಪ್ರಾಂಪ್ಟ್’ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ ಪಿಂಗ್ ಎಂದು ಬರೆದು, ಒಂದು ಎಡೆ ಬಿಟ್ಟು, ಆ ವಿಳಾಸ ಬರೆದು ಎಂಟರ್ ಒತ್ತಿ. ವಯರಿನಲ್ಲಿ ಉತ್ತರ ಒಂದು ಎರಡು ಮಿಲಿಸೆಕೆಂಡಿನಲ್ಲಿ ಬರಬೇಕು. ಬಾರದಿದ್ದರೆ ದೋಷ ನಿಮ್ಮ ಕೋಣೆಯಲ್ಲೇ ಇದೆ. ಬಂದರೂ ಅಷ್ಟಕ್ಕೇ ನಿಲ್ಲಬೇಡಿ. ನಮ್ಮ ಶಾಖೆಯಲ್ಲೂ ಪಿಂಗಿಗೆ ಉತ್ತರ ಬರುತ್ತಿತ್ತು, ಅದು ಸಣ್ಣ ಮಾತಲ್ಲವೇ? ಕೋಣೆಯೊಳಗಿನ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದೊಡ್ಡದೊಂದು ಫೈಲು ಕಳಿಸಿ ನೋಡಿ. ಅದೂ ಸಲೀಸಾಗಿ ಹೋದರೆ ಮಾತ್ರ ಹೊರಗಿನ ಲೈನನ್ನೋ ಸರ್ವರನ್ನೋ ದೂರಬಹುದು.

ಸೆಟ್ಟಿಂಗು ಮುಟ್ಟುವವರಿಗೆ ಗುಮಾಸ್ತನ ಬುದ್ಧಿ ಬೇಕು. ಲೆಡ್ಜರಿನಲ್ಲಿ ನಾವು ಅಂಕಿಯನ್ನು ಅಳಿಸಿ ಬರೆಯುತ್ತಿರಲಿಲ್ಲ. ಹಳೆಯದು ಕಾಣುವಂತೆ ಗೆರೆ ಎಳೆದು, ಹೊಸದು ಬರೆದು, ಚಿಕ್ಕ ಸಹಿ ಹಾಕುತ್ತಿದ್ದೆವು. ಇಲ್ಲಿಯೂ ಒಂದು ನೋಟುಪುಸ್ತಕ ಇಡಿ. ತಾರೀಕು, ಸೆಟ್ಟಿಂಗಿನ ಹೆಸರು, ಹಳೆಯ ಬೆಲೆ, ಹೊಸ ಬೆಲೆ, ಮುಟ್ಟಿದವರ ಹೆಸರು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯದು. ಗುಣ ಕಾಣದಿದ್ದರೆ ಹಳೆಯದಕ್ಕೇ ತನ್ನಿ. ಡ್ರೈವರು ಹೊಸತು ಹಾಕಿದ ಮೇಲೆ ತೊಂದರೆ ಶುರುವಾಗಿದ್ದರೆ ‘ಡ್ರೈವರ್’ ಪುಟದಲ್ಲಿ ‘ರೋಲ್ ಬ್ಯಾಕ್’ ಎಂಬ ಗುಂಡಿ ಇದೆ, ಅದರಿಂದ ಹಳೆಯದಕ್ಕೆ ಮರಳಬಹುದು. ಸೆಟ್ಟಿಂಗು ಬದಲಿಸಿದಾಗ ಕೆಲವು ಸೆಕೆಂಡು ಸಂಪರ್ಕ ಕಡಿಯುತ್ತದೆ. ಆದ್ದರಿಂದ ಯಾರದಾದರೂ ಹಣ ಕಟ್ಟುತ್ತಿರುವಾಗ ಮುಟ್ಟಬೇಡಿ. ಕಂಪ್ಯೂಟರು ಕಚೇರಿಯದಾದರೆ ಹೊಣೆಯಿದ್ದವರ ಅನುಮತಿ ಕೇಳಿ. ಬದಲಿಸುವ ಅಧಿಕಾರ ಇಲ್ಲದಿದ್ದರೂ ನೋಡಿ ಹೇಳುವುದಕ್ಕೆ ಅಡ್ಡಿಯಿಲ್ಲ. ‘ನಡೆಯುವುದಿಲ್ಲ’ ಎಂದು ಫೋನು ಮಾಡುವುದಕ್ಕಿಂತ ‘ಸಣ್ಣದು ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ, ಇಲ್ಲಿ ಫುಲ್ ಎಂದು ಗಟ್ಟಿ ಮಾಡಿದ್ದಾರೆ’ ಎಂದರೆ ಇಂಜಿನಿಯರು ಬರುವ ಮೊದಲೇ ಅರ್ಧ ಕೆಲಸ ಮುಗಿದ ಹಾಗೆ.

ನಮ್ಮ ಹಳ್ಳಿಗಳ ಹುಡುಗ ಹುಡುಗಿಯರು ಈಗ ಇಂಥ ಕೌಂಟರುಗಳಲ್ಲಿ ಕೂತಿದ್ದಾರೆ. ಬೆಂಚಿನ ಮೇಲೆ ಕೂತವರಿಗೆ ಅವರ ಭಾಷೆಯಲ್ಲೇ ಉತ್ತರ ಹೇಳುತ್ತಾರೆ, ಸಂತೋಷ. ನವಂಬರ ತಿಂಗಳು ಬಂದರೆ ಜೀವಂತ ಇದ್ದೇನೆಂಬ ಪ್ರಮಾಣಪತ್ರಕ್ಕೆ ಪಿಂಚಣಿದಾರರ ಸಾಲು ನಿಲ್ಲುತ್ತದೆ. ಆ ಸಾಲಿನಲ್ಲಿ ಈಗ ನಾನೂ ಇರುತ್ತೇನೆ. ನಿಮ್ಮ ಯಂತ್ರ ನಿಂತಾಗ ‘ನಾಳೆ’ ಎನ್ನುವ ಮೊದಲು ಒಮ್ಮೆ ಮೇಜಿನ ಕೆಳಗೆ ಬಗ್ಗಿ ವಯರು ನೋಡಿ, ಆ ಪುಟ ತೆರೆದು ನೋಡಿ. ಎಲ್ಲ ಸರಿಯಿದ್ದೂ ಆಗದಿದ್ದರೆ, ನಾನು ಹತ್ತದೆ ಬಿಟ್ಟ ಆ ಅಟ್ಟವನ್ನು ನೀವು ಹತ್ತಿ. ಕಾಗದದ ಮೇಲೆ ಮಾಡಬಹುದಾದ ದಾರಿ ಏನಾದರೂ ಉಂಟೋ ಎಂದು ಹುಡುಕಿ.